ವಿದ್ಯೆಯಲ್ಲಿ ಗೆಳೆಯನ ಕಾಲುಪಾಲು

ವಿದ್ಯೆಯನ್ನು ನಾಲ್ಕು ಪಾಲು ಮಾಡಿ ಲೆಕ್ಕ ಹೇಳುವ ಹಳೆಯ ಸಂಸ್ಕೃತ ಸುಭಾಷಿತವೊಂದಿದೆ. ಅದರ ಪ್ರಕಾರ ಶಿಷ್ಯನಿಗೆ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ ದೊರೆಯುತ್ತದೆ. ಉಳಿದ ಕಾಲುಭಾಗ ಕಾಲಕ್ರಮದಲ್ಲಿ ಒದಗಿಬರುತ್ತದೆ. ಸಹಪಾಠಿಗೆ ಗುರುವಿನಷ್ಟೇ ಪಾಲು ಕೊಟ್ಟದ್ದು ಅತಿಯಾಯಿತೆಂದು ಬಾಲ್ಯದಲ್ಲಿ ನನಗೆ ತೋರಿತ್ತು. ನಲವತ್ತರ ಅಂಚಿನಲ್ಲಿ ಗಣಕ ಭಾಷೆಯೊಂದನ್ನು ಕಲಿಯಹೊರಟ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನಾನು ಪರೀಕ್ಷಕ. ಇತರರು ಬರೆದ ಪ್ರೋಗ್ರಾಮುಗಳನ್ನು ತೆರೆದು, ಗುಂಡಿಗಳನ್ನು ಒಂದೊಂದಾಗಿ ಒತ್ತಿ, ತಪ್ಪು ಹುಡುಕುವುದೇ ಹನ್ನೊಂದು ವರ್ಷಗಳಿಂದ ನನ್ನ ಕಸುಬು. ಇದೇ ಪರೀಕ್ಷೆಯನ್ನು ಕಂಪ್ಯೂಟರೇ ನಡೆಸುವಂತೆ ಪ್ರೋಗ್ರಾಮು ಬರೆಯಬಲ್ಲವರಿಗೆ ಇನ್ನು ಮುಂದೆ ಮೇಲಿನ ದರ್ಜೆ ಎಂದು ಒಂದು ದಿನ ಪ್ರಕಟಣೆ ಬಂದಿತು. ಬರೆಯಲಾರದವರ ಗತಿಯೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಮನೆಯ ಸಾಲಕ್ಕೆ ಇನ್ನೂ ಹದಿನಾಲ್ಕು ವರ್ಷಗಳ ಕಂತು ಬಾಕಿಯಿತ್ತು.

ಇದೇ ಚಿಂತೆಯಲ್ಲಿ ನನಗೆ ಜೊತೆಯಾದವನು ಕಾಲೇಜಿನ ದಿನಗಳ ಗೆಳೆಯ. ಅವನೂ ಬೇರೊಂದು ಸಂಸ್ಥೆಯಲ್ಲಿ ಪರೀಕ್ಷಕನೇ. "ಇಬ್ಬರೂ ಸೇರಿ ಪೈಥಾನ್ ಕಲಿಯೋಣ ಕಣಯ್ಯ" ಎಂದ. ಬಸವನಗುಡಿಯ ಅವನ ಮನೆಯಲ್ಲಿ ಭಾನುವಾರದ ಪಾಠ ಆರಂಭವಾಯಿತು.

ಪೈಥಾನ್ ಎಂದೊಡನೆ ಹೆಬ್ಬಾವು ನೆನಪಾಗುವುದು ಸಹಜ. ಆದರೆ ಈ ಹೆಸರು ಹಾವಿನಿಂದ ಬಂದುದಲ್ಲ. ಹಾಲೆಂಡಿನ ಗಿಡೊ ವಾನ್ ರೋಸಮ್ ಎಂಬಾತ 1989ರ ಕ್ರಿಸ್‌ಮಸ್ ರಜೆಯಲ್ಲಿ ರಚಿಸತೊಡಗಿ, 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಗೆ 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ತಂಡದ ಹೆಸರನ್ನಿಟ್ಟ. ಬೇರೆ ಹಲವು ಭಾಷೆಗಳಲ್ಲಿ ಆವರಣ ಚಿಹ್ನೆಗಳು ಮಾಡುವ ಕೆಲಸವನ್ನು ಇಲ್ಲಿ ಸಾಲಿನ ಮೊದಲಲ್ಲಿ ಬಿಡುವ ಖಾಲಿ ಜಾಗವೇ ಮಾಡುತ್ತದೆ. ನೋಟಕ್ಕೆ ಸರಳ, ಓದಲು ಸುಲಭ. ನಾನು ಮೋಸಹೋದದ್ದು ಆ ಸುಲಭತೆಗೇ.

ಗೆಳೆಯನ ಬೆರಳು ಚುರುಕು. ಹೀಗಾಗಿ ಕೀಲಿಮಣೆ ಸದಾ ಅವನ ಕೈಯಲ್ಲೇ ಇರುತ್ತಿತ್ತು. ಅವನು ಬರೆಯುವನು, ಪ್ರೋಗ್ರಾಮು ನಡೆಯುವುದು, "ತಿಳಿಯಿತೆ?" ಎನ್ನುವನು. ಕಾಫಿಯ ಲೋಟ ಹಿಡಿದು ಪಕ್ಕದಲ್ಲಿ ಕುಳಿತ ನಾನು "ತಿಳಿಯಿತು" ಎಂದು ತಲೆಯಾಡಿಸುವೆನು. ಎಂಟು ಭಾನುವಾರಗಳು ಹೀಗೆ ಕಳೆದವು. ಬಳಿಕ ಕಚೇರಿಯ ಆಂತರಿಕ ಪರೀಕ್ಷೆ ಬಂದಿತು. ಅಂಕಿಗಳ ಪಟ್ಟಿಯೊಂದನ್ನು ಹಾಗೆಯೇ ಉಳಿಸಿಕೊಂಡು, ಅದರ ಪ್ರತಿಯನ್ನು ಮಾತ್ರ ಏರಿಕೆಯ ಕ್ರಮದಲ್ಲಿ ಜೋಡಿಸಬೇಕಾಗಿತ್ತು. ಸಮಚಿಹ್ನೆ ಹಾಕಿ ಹಳೆಯ ಪಟ್ಟಿಯನ್ನು ಹೊಸ ಹೆಸರಿಗೆ ಒಪ್ಪಿಸಿ, ಹೊಸದನ್ನು ಜೋಡಿಸಿದೆ. ನೋಡುತ್ತೇನೆ, ಹಳೆಯದೂ ತಲೆಕೆಳಗಾಗಿದೆ! ಅರ್ಧ ಗಂಟೆ ಬೆವರಿದೆ, ಕಾರಣ ಹೊಳೆಯಲಿಲ್ಲ. ಅನುತ್ತೀರ್ಣನಾದೆ.

ಮುಂದಿನ ಭಾನುವಾರ ಗೆಳೆಯ ಸಮಾಧಾನದ ಮಾತನಾಡಲಿಲ್ಲ. "ಹಳೆಯ ಪಟ್ಟಿ ಏಕೆ ಕೆಟ್ಟಿತು? ನೀನೇ ಹೇಳು ನೋಡೋಣ" ಎಂದ. ಎರಡು ವಾಕ್ಯ ಹೇಳಿ ನಿಂತೆ. "ಹಾಗಾದರೆ ನೀನು ಹೇಳಯ್ಯ" ಎಂದೆ. ಅವನೂ ಎರಡೇ ವಾಕ್ಯಕ್ಕೆ ನಿಂತ! ಹೇಗೆ ಬರೆದರೆ ನಡೆಯುತ್ತದೆಂಬುದು ಅವನ ಬೆರಳುಗಳಿಗೆ ಗೊತ್ತಿತ್ತೇ ಹೊರತು, ಏಕೆ ನಡೆಯುತ್ತದೆಂಬುದನ್ನು ಅವನೂ ವಿಚಾರಿಸಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ "ಪುಟ್ಟಣ್ಣ, ಕಾಫಿ ತೊಗೊಂಡು ಹೋಗೋ" ಎಂದು ಕೂಗಿದರು. ಕಚೇರಿಯ ದಾಖಲೆಯಲ್ಲಿ ಅವನಿಗೆ ಬೇರೆಯೇ ಗಂಭೀರವಾದ ಹೆಸರಿದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೆಸರು ಎರಡು, ಆಸಾಮಿ ಒಬ್ಬನೇ! ಸಮಚಿಹ್ನೆ ಪಟ್ಟಿಗೆ ಇನ್ನೊಂದು ಹೆಸರನ್ನು ಕೊಡುತ್ತದೆಯೇ ವಿನಾ ಇನ್ನೊಂದು ಪಟ್ಟಿಯನ್ನು ಕೊಡುವುದಿಲ್ಲ. ಪ್ರತಿ ಬೇಕಾದರೆ 'ಪ್ರತಿ ಮಾಡು' ಎಂದು ಬೇರೆಯಾಗಿ ಆಜ್ಞಾಪಿಸಬೇಕು.

ಅಂದಿನಿಂದ ಎರಡು ನಿಯಮ ಮಾಡಿಕೊಂಡೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಕೀಲಿಮಣೆ ಕೈ ಬದಲಾಯಿಸಬೇಕು. ಪ್ರೋಗ್ರಾಮನ್ನು ನಡೆಸುವ ಮುನ್ನ, ಬರೆಯದೆ ಕುಳಿತವನು ಉತ್ತರ ಏನು ಬರುವುದೆಂದು ಬಾಯಲ್ಲಿ ಹೇಳಬೇಕು. ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಈ ಕ್ರಮ ನಮ್ಮ ಶೋಧವೇನಲ್ಲ. ಅಮೆರಿಕದ ಕೆಂಟ್ ಬೆಕ್ 1999ರ ತಮ್ಮ ಗ್ರಂಥದಲ್ಲಿ ವೃತ್ತಿನಿರತರಿಗೂ ಇದನ್ನೇ ವಿಧಿಸಿದ್ದಾರೆ.

ಜೊತೆಗಾರಿಕೆ ಎಷ್ಟು ಆಳಕ್ಕಿಳಿಯಬಲ್ಲುದೆಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಿಂದ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟಿದರು. ಥಾಂಪ್ಸನ್ ರಚಿಸಿದ 'ಬಿ' ಭಾಷೆಯನ್ನು ಬೆಳೆಸಿ ರಿಚಿ 'ಸಿ' ಭಾಷೆಯನ್ನು ರೂಪಿಸಿದರು. 1983ರ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಸಂದಿತು. ತಮ್ಮ ನಡುವೆ ಹೊಂದಾಣಿಕೆ ತಪ್ಪಿದ ಒಂದೇ ಒಂದು ಸಂದರ್ಭವನ್ನು ಥಾಂಪ್ಸನ್ ಆಗ ಸ್ಮರಿಸಿದರು: ಒಬ್ಬರಿಗೊಬ್ಬರು ತಿಳಿಸದೆ ಇಬ್ಬರೂ ಇಪ್ಪತ್ತು ಸಾಲಿನ ಒಂದೇ ಪ್ರೋಗ್ರಾಮನ್ನು ಬರೆದಿದ್ದರಂತೆ, ಹೋಲಿಸಿ ನೋಡಿದರೆ ಒಂದಕ್ಷರವೂ ವ್ಯತ್ಯಾಸವಿರಲಿಲ್ಲವಂತೆ!

ನಾವು ಅಂಥವರೇನಲ್ಲ. ಇಂದು ಕೇಳಿದೊಡನೆ ಪ್ರೋಗ್ರಾಮು ಬರೆದುಕೊಡುವ ಯಂತ್ರಗಳೂ ಬಂದಿರುವಾಗ ಈ ಶ್ರಮವೇಕೆಂದು ಕೆಲವರು ನಕ್ಕದ್ದುಂಟು. ಯಂತ್ರ ಬೇಸರವಿಲ್ಲದೆ ಉತ್ತರ ಕೊಡುತ್ತದೆ, ನಿಜ. ಆದರೆ ನಾನು ಅರಿಯದೆ ತಲೆಯಾಡಿಸಿದಾಗ ನನ್ನ ಮುಖವನ್ನು ಓದಿ, "ಸುಳ್ಳು ಹೇಳಬೇಡ, ಹೇಳು ನೋಡೋಣ" ಎಂದು ತಡೆದು ನಿಲ್ಲಿಸಿದವನು ಇಪ್ಪತ್ತು ವರ್ಷಗಳಿಂದ ನನ್ನನ್ನು ಬಲ್ಲ ಗೆಳೆಯ.

ಆರು ತಿಂಗಳ ಬಳಿಕ ಪರೀಕ್ಷೆಯಲ್ಲಿ ಗೆದ್ದೆ. ಆದರೆ ಆ ವೇಳೆಗೆ ಗೆಳೆಯನ ಸಂಸ್ಥೆ ಅವನ ವಿಭಾಗವನ್ನೇ ಮುಚ್ಚಿತ್ತು. "ಇನ್ನು ಪಾಠ ಸಾಕು ಕಣಯ್ಯ" ಎಂದ. ಮುಂದಿನ ಭಾನುವಾರ ನಾನು ಎಂದಿನಂತೆ ಅವನ ಮನೆಯ ಬಾಗಿಲು ತಟ್ಟಿದೆ. ಅದರ ಮುಂದಿನ ವಾರವೂ ತಟ್ಟಿದೆ. ಮೂರು ತಿಂಗಳ ನಂತರ ಅವನಿಗೆ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕೊಂಚ ಕಡಿಮೆ, ಆದರೆ ಪ್ರೋಗ್ರಾಮು ಬರೆಯುವ ಕೆಲಸ.

ಸುಭಾಷಿತದ ನಾಲ್ಕನೆಯ ಕಾಲುಭಾಗ ನಮಗಿನ್ನೂ ಬರಬೇಕಾಗಿದೆ. ಭಾನುವಾರದ ಪಾಠ ಮಾತ್ರ ನಿಂತಿಲ್ಲ.