ಹಕ್ಕಿಗೆ ಕಾಳಷ್ಟೇ ಸಾಲದು, ನೆಲೆಯೂ ಬೇಕು

ಜೀವದಯೆಯಿಂದ ಹಕ್ಕಿಗಳಿಗೆ ಕಾಳು ಹಾಕುವುದು ಜೈನ ಕುಟುಂಬಗಳಲ್ಲಿ ಹಳೆಯ ರೂಢಿ. ಆದರೆ ಊರೊಳಗೆ ಆ ಕಾಳು ಹೆಚ್ಚಾಗಿ ಪಾರಿವಾಳಗಳ ಪಾಲಾಗುತ್ತದೆ. ಕೊಕ್ಕರೆ, ಮಿಂಚುಳ್ಳಿ, ನೀರುಕೋಳಿಗಳಿಗೆ ಬೇಕಾದದ್ದು ಶುದ್ಧ ನೀರು, ಜೊಂಡು, ಗೂಡಿಗೆ ಮರ.

ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇದಕ್ಕೆ ಮಾದರಿ. ಸುಮಾರು 13 ಎಕರೆಯ ಈ ಕೆರೆಯ ಉಳಿವಿಗಾಗಿ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿದರು. 2011ರಲ್ಲಿ ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆ ವಹಿಸಿಕೊಂಡರು. ಸ್ವಯಂಸೇವಕರು ಕಳೆ ತೆಗೆದರು, ಗಿಡ ನೆಟ್ಟರು. ಹಕ್ಕಿಗಳು ಮರಳಿದವು.

ಈ ಸೇವೆಯಲ್ಲೂ ಅಹಿಂಸೆಯ ಎಚ್ಚರ ಬೇಕು. ಗೂಡು, ಮೊಟ್ಟೆಗಳಿರುವ ಕಾಲದಲ್ಲಿ ಪೊದೆಗಳನ್ನು ಮುಟ್ಟಬಾರದು. ಜೊಂಡನ್ನು ಪೂರ್ತಿ ಕೀಳಬಾರದು. ಕಿತ್ತ ಕಳೆಯನ್ನು ನೀರಿನಂಚಿನಲ್ಲಿ ಕೆಲಹೊತ್ತು ಬಿಟ್ಟರೆ, ಅದರಲ್ಲಿ ಸಿಲುಕಿದ ಸಣ್ಣ ಜೀವಿಗಳಲ್ಲಿ ಹಲವು ನೀರಿಗೆ ಮರಳಬಲ್ಲವು.

ಕಾಗಿಣಾ ತೀರದ ಮಳಖೇಡದಲ್ಲಿ ನೇಮಿನಾಥ ಬಸದಿಯ ದರ್ಶನಕ್ಕೆ ನಾಡಿನ ಎಲ್ಲೆಡೆಯಿಂದ ಶ್ರಾವಕರು ಬರುತ್ತಾರೆ. ಆ ನದಿಯ ದಡದಲ್ಲಿ, ಸೇಡಂ–ಚಿತ್ತಾಪುರ ಭಾಗದ ಕೆರೆಗಳಲ್ಲಿ ಈ ಸೇವೆಗೆ ಅವಕಾಶವಿದೆ. ಮೊದಲು ಸ್ಥಳೀಯ ಪಂಚಾಯಿತಿ ಅಥವಾ ಪುರಸಭೆಯನ್ನು ಕೇಳಬೇಕು. ಚಿಂಚೋಳಿ ವನ್ಯಜೀವಿಧಾಮದಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ.