ಜೀಪು ಅಳುತ್ತಿದೆ: ಕ್ರೌನು ಬದಲಿಸಬೇಕೋ, ಹಾಗೇ ಓಡಿಸಬೇಕೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲಿ ಹಳೇ ಜೀಪು ಇನ್ನೂ ಸತ್ತಿಲ್ಲ. ಕಡಲೆಕಾಯಿ ಮೂಟೆ, ಹುಣಸೆಹಣ್ಣಿನ ಚೀಲ, ಸುಟ್ಟುಹೋದ ಬೋರಿನ ಮೋಟಾರು, ಮದುವೆ ಮನೆ ಪಾತ್ರೆ, ಕೊನೇ ಬಸ್ಸು ತಪ್ಪಿಸಿಕೊಂಡ ಜನ, ಎಲ್ಲವನ್ನೂ ಅದು ಹೊತ್ತಿದೆ. ಹೊತ್ತೂ ಹೊತ್ತೂ ಈಗ ಅಳುತ್ತಿದೆ. ಸ್ಪೀಡು ನಲವತ್ತು ದಾಟಿತೋ ಇಲ್ಲವೋ, ಹಿಂದಿನಿಂದ 'ಊಂ...' ಅಂತ ಒಂದೇ ರಾಗ.

'ಯಾಕಣ್ಣ, ಗಾಡಿ ಹಿಂಗೆ ಅಳ್ತೈತೆ?' ಅಂದರೆ, 'ಕ್ರೌನು ಹೋಗೈತೆ ಕಣಣ್ಣ, ಬದಲಾಯಿಸ್ಬೇಕು' ಅಂತ ಉತ್ತರ ಬರುತ್ತದೆ. ಬದಲಾಯಿಸಬೇಕು ಅನ್ನುತ್ತಲೇ ಎರಡು ಮಳೆಗಾಲ ಕಳೆದಿರುತ್ತದೆ. ಇನ್ನು ಕೆಲವರು ಸದ್ದು ಕೇಳಿದ ಮರುದಿನವೇ ಸಾಲ ಮಾಡಿ ಹೊಸ ಸೆಟ್ಟು ತಂದು ಹಾಕಿಸುತ್ತಾರೆ. ಸದ್ದು ಮಾತ್ರ ಹೋಗುವುದಿಲ್ಲ. ಇಬ್ಬರೂ ಮಾಡುವ ತಪ್ಪು ಒಂದೇ: ಹೌಸಿಂಗ್ ಬಿಚ್ಚಿ ಹಲ್ಲು ನೋಡದೆ ಬರೀ ಕಿವಿ ನಂಬಿ ತೀರ್ಮಾನ ಮಾಡುವುದು.

ಏನಿದು ಕ್ರೌನು?

ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂತೆ ಒಂದು ಉಬ್ಬು ಇದೆಯಲ್ಲ, ಅದೇ ಹೌಸಿಂಗ್. ಇಂಜಿನ್ನಿನ ಕಡೆಯಿಂದ ಬರುವ ಉದ್ದದ ಶಾಫ್ಟಿನ ತುದಿಗೆ ಸಣ್ಣ ಪಿನಿಯನ್. ಅದು ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತದೆ. ಕ್ರೌನು ಎರಡು ಪಕ್ಕದ ಆಕ್ಸಲ್ಲುಗಳ ಮೂಲಕ ಚಕ್ರ ತಿರುಗಿಸುತ್ತದೆ. ಹಳೇ ವಿಲ್ಲೀಸ್ ನಮೂನೆಯ ಸಿಜೆ 3ಬಿ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು. ಶಾಫ್ಟು 5.38 ಸುತ್ತು ಬಂದರೆ ಚಕ್ರ 1 ಸುತ್ತು. ಲೋಡು ಹೊತ್ತು ದಿಣ್ಣೆ ಹತ್ತುವ ಶಕ್ತಿ ಬರುವುದು ಈ ಲೆಕ್ಕದಿಂದಲೇ. ಫೋರ್ ವೀಲ್ ಜೀಪಾದರೆ ಮುಂದಿನ ಆಕ್ಸಲ್ಲಿನಲ್ಲೂ ಇಂಥದೇ ಇನ್ನೊಂದು ಜೋಡಿ ಇರುತ್ತದೆ.

ಅಗ್ಗದ್ದು ಮೊದಲು

ಊಂ ಅನ್ನುವುದೆಲ್ಲ ಕ್ರೌನಲ್ಲ. ದಪ್ಪ ಗಟ್ಟಿನ ಟೈರು ಶಿರಾ ಹೆದ್ದಾರಿಗೆ ಬಂದರೆ ತಾನೇ ಊಳಿಡುತ್ತದೆ. ಮಣ್ಣು ರಸ್ತೆಗೆ ಇಳಿದಾಗ ಸದ್ದು ಮಾಯವಾದರೆ ಅದು ಟೈರಿನದು. ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಎಳೆದಾಗ ಸದ್ದು ಹೆಚ್ಚು ಕಡಿಮೆ ಆದರೆ ಚಕ್ರದ ಬೇರಿಂಗಿನ ಮೇಲೆ ಅನುಮಾನ ಪಡಬೇಕು. ಅಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಆಗ ಹೌಸಿಂಗ್ ಕಡೆ ನೋಡಬೇಕು. ರಿವರ್ಸ್ ಹಾಕಿದಾಗ 'ಟಕ್' ಅಂದರೆ ಶಾಫ್ಟಿನ ಜಾಯಿಂಟ್ ಕ್ರಾಸ್ ಸವೆದಿರಬಹುದು. ಗಾಡಿ ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ತಿರುಚಿ ನೋಡಿದರೆ ಗೊತ್ತಾಗುತ್ತದೆ. ಕ್ರಾಸ್ ಎಲ್ಲಿ, ಕ್ರೌನ್ ಸೆಟ್ ಎಲ್ಲಿ! ಬೆಲೆಯಲ್ಲಿ ಅಜಗಜಾಂತರ.

ಆಮೇಲೆ ಆಯಿಲ್. ಇಂಜಿನ್ ಆಯಿಲ್ ಬದಲಿಸುವವರು ಹೌಸಿಂಗಿನ ಆಯಿಲ್ ಮರೆಯುತ್ತಾರೆ. ಹಿಂದಿನ ಹೌಸಿಂಗಿಗೆ ಬೇಕಾದದ್ದು ಹೆಚ್ಚುಕಡಿಮೆ ಒಂದೂಕಾಲು ಲೀಟರ್ 90 ನಂಬರ್ ಇ.ಪಿ. ಗೇರ್ ಆಯಿಲ್, ಅಷ್ಟೇ. ಇಲ್ಲಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆಯಿಲ್ ಒಣಗಿದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ಜಯಮಂಗಲಿ ಹಳ್ಳದ ನೀರಿಗೆ ಇಳಿಸಿದ ಜೀಪಾದರೆ ಪ್ಲಗ್ ಬಿಚ್ಚಿ ನೋಡಿ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಅದನ್ನು ಅವತ್ತೇ ಚೆಲ್ಲಬೇಕು.

ಬಿಚ್ಚಿ ನೋಡಿದ ಮೇಲೆ ತೀರ್ಮಾನ

ಹಿಂದಿನ ಮುಚ್ಚಳದ ಹತ್ತು ಬೋಲ್ಟು ಬಿಚ್ಚಿದರೆ ಕ್ರೌನು ಕಣ್ಣಿಗೇ ಕಾಣುತ್ತದೆ. ಹಲ್ಲುಗಳೆಲ್ಲ ಒಂದೇ ಸಮ ಸವೆದು, ನುಣುಪಾಗಿ ಹೊಳೆಯುತ್ತಿದ್ದರೆ, ಆಯಿಲ್ಲಿನಲ್ಲಿ ಮಸಿಯಂಥ ಸಣ್ಣ ಪುಡಿ ಮಾತ್ರ ಇದ್ದರೆ, ಬೇರಿಂಗಿನಲ್ಲಿ ಆಟ ಇಲ್ಲದಿದ್ದರೆ – ಬದಲಿಸಬೇಡಿ. ತೊಳೆದು ಹೊಸ ಆಯಿಲ್ ಹಾಕಿ ಮುಚ್ಚಿ. ಸದ್ದು ಇರುತ್ತದೆ, ಇರಲಿ. ಹಳೇ ಕ್ರೌನು ಪಿನಿಯನ್ ವರ್ಷಗಟ್ಟಲೆ ಒಂದಕ್ಕೊಂದು ಒಗ್ಗಿಕೊಂಡಿರುತ್ತವೆ. ಬರೀ ಸದ್ದು ನಿಲ್ಲಿಸಲು ಶಿಮ್ ತೆಗೆದು, ಶಿಮ್ ಹಾಕಿ ಅವುಗಳ ಜಾಗ ಕದಲಿಸಿದರೆ ಸದ್ದು ದುಪ್ಪಟ್ಟಾಗುವುದೇ ಹೆಚ್ಚು.

ಆದರೆ ಹಲ್ಲಿನ ಮೈಮೇಲೆ ಸಿಡುಬಿನ ಕಲೆಯಂಥ ಗುಳಿ, ಮೂಲೆ ಒಡೆದ ಹಲ್ಲು, ಬಿಸಿಯಾಗಿ ನೀಲಿ ತಿರುಗಿದ ಗುರುತು, ಆಯಿಲ್ಲಿನಲ್ಲಿ ಉಗುರಿನಷ್ಟು ಚೂರು – ಇವುಗಳಲ್ಲಿ ಒಂದು ಕಂಡರೂ ಮಾತು ಮುಗಿಯಿತು. ಒಡೆದ ಚೂರು ಎರಡು ಗೇರುಗಳ ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರಗಳು ಓಡುವಾಗಲೇ ಕಚ್ಚಿ ನಿಲ್ಲುತ್ತವೆ. ಹನ್ನೆರಡು ಜನ ತುಂಬಿದ ಜೀಪು ಇಳಿಜಾರಿನಲ್ಲಿ ಹಾಗೆ ಕಚ್ಚಿಕೊಂಡರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬದಲಿಸುವುದಾದರೆ ಹೀಗೆ

ಕ್ರೌನು ಒಂದನ್ನೇ, ಪಿನಿಯನ್ ಒಂದನ್ನೇ ಬದಲಿಸುವುದು ದುಡ್ಡು ನೀರಿಗೆ ಹಾಕಿದಂತೆ. ಫ್ಯಾಕ್ಟರಿಯಲ್ಲಿ ಎರಡನ್ನೂ ಜೊತೆಗೇ ಉಜ್ಜಿ ಜೋಡಿ ಮಾಡಿರುತ್ತಾರೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿದೆಯೇ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆ ಅಂಗಡಿಯಿಂದ ತನ್ನಿ, ಶಿವಾಜಿನಗರದ ಗುಜರಿಯಿಂದ ತನ್ನಿ, ಹಲ್ಲು ಎಣಿಸದೆ ದುಡ್ಡು ಕೊಡಬೇಡಿ. ಯುದ್ಧಕಾಲದ ಮಿಲಿಟರಿ ಜೀಪಿನದು 39ಕ್ಕೆ 8, ಅಂದರೆ 4.88. ಆಮೇಲಿನ ಮಾಡೆಲ್‌ಗಳದ್ದು ಬೇರೆ ಬೇರೆ ಲೆಕ್ಕ. ಹಿಂದೆ ಒಂದು ಲೆಕ್ಕ, ಮುಂದೆ ಒಂದು ಲೆಕ್ಕ ಇಟ್ಟು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ಲೂ ಒಂದನ್ನೊಂದು ಎಳೆದಾಡಿ ನಡುವಿನ ಗೇರ್ ಪೆಟ್ಟಿಗೆಗೇ ಏಟು ಬೀಳುತ್ತದೆ.

ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದವರಿಗೆ ಇನ್ನೊಂದು ಯೋಚನೆ. 5.38ರ ಗಾಡಿ 16 ಇಂಚಿನ ಹಳೇ ಅಳತೆ ಟೈರಿನಲ್ಲಿ ಗಂಟೆಗೆ 60 ಕಿ.ಮೀ. ಓಡಬೇಕಾದರೆ ಟಾಪ್ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಬೇಕು. 4.88 ಆದರೆ 2,200 ಸಾಕು. ದಿನಾ ಹೆದ್ದಾರಿ ಓಡಿಸುವವರಿಗೆ ಇದು ಲಾಭ. ಹೊಲ, ಬಂಡೆ, ದಿಣ್ಣೆ ಹತ್ತುವವರು ಹಳೇ ಲೆಕ್ಕವನ್ನೇ ಉಳಿಸಿಕೊಳ್ಳುವುದು ಒಳ್ಳೇದು. ಅಂದಹಾಗೆ, ಬದಲಿಸಿದ ಇಂಜಿನ್ ಆರ್.ಸಿ. ಪುಸ್ತಕದಲ್ಲಿ ಏರಿರಬೇಕು.

ಕೂರಿಸುವ ಕೈ ಮುಖ್ಯ. ಕ್ರೌನಿಗೂ ಪಿನಿಯನ್ನಿಗೂ ನಡುವೆ ಬಿಡಬೇಕಾದ ಸಂದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ 5ರಿಂದ 10, ಅಂದರೆ ಎರಡು ಹಾಳೆ ಕಾಗದದಷ್ಟು. ಇದನ್ನು ಡಯಲ್ ಗೇಜಿನಲ್ಲಿ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ನೋಡುವ ಮೇಸ್ತ್ರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. 'ಅಂದಾಜಿಗೆ ಕೂರಿಸ್ತೀನಿ ಬಿಡಣ್ಣ' ಅನ್ನುವವರಿಗೆ ದೂರದಿಂದಲೇ ನಮಸ್ಕಾರ. ಬೆಲೆ ಕೇಳುವಾಗ ಬೇರಿಂಗ್, ಸೀಲ್, ಶಿಮ್, ಕೂಲಿ ಎಲ್ಲ ಸೇರಿಸಿ ಕೇಳಿ. ಹೊಸ ಸೆಟ್ಟು ಹಾಕಿದ ಮೊದಲ ದಿನಗಳಲ್ಲಿ ಲೋಡು ಬೇಡ, ಒಂದೇ ಉಸಿರಿನ ಓಟ ಬೇಡ. 800 ಕಿ.ಮೀ. ಸುಮಾರಿಗೆ ಆಯಿಲ್ ಬದಲಿಸಿ.

ಕಾಗದವೂ ನೋಡಿ

ಗೇರಿಗೆ ದುಡ್ಡು ಹಾಕುವ ಮುಂಚೆ ಆರ್.ಸಿ. ಜೀವಂತವಾಗಿದೆಯೇ ನೋಡಬೇಕು. 15 ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ಮರುನೋಂದಣಿ ಆಗಬೇಕು. 20 ವರ್ಷ ದಾಟಿದ ಲಘು ವಾಹನಗಳಿಗೆ ಈ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 5,000ದಿಂದ 10,000 ರೂಪಾಯಿಗೆ ಏರಿಸಿತು. ಚಾಸಿ ತುಕ್ಕು ಹಿಡಿದು ಕೈಗೆ ಬರುವ ಗಾಡಿ, ಕಾಗದವೂ ಸತ್ತ ಗಾಡಿ – ಅದಕ್ಕೆ ಹೊಸ ಕ್ರೌನು ಹಾಕುವುದು ಹೆಣಕ್ಕೆ ಸಿಂಗಾರ ಮಾಡಿದಂತೆ. ಚಾಸಿ ಗಟ್ಟಿ, ಕಾಗದ ಸರಿ, ಇಂಜಿನ್ ಆರೋಗ್ಯ ಅಂದರೆ ಮಾತ್ರ ಹಾಕಿದ ದುಡ್ಡಿಗೆ ಅರ್ಥ.

ಕಡೆಯದಾಗಿ ಹಿಂದಿನ ಸೀಟಿನವರಿಗೆ ಒಂದು ಮಾತು. ಬಿಳಿ ಬೋರ್ಡಿನ ಜೀಪಿನಲ್ಲಿ ದುಡ್ಡು ತೆಗೆದುಕೊಂಡು ಜನ ತುಂಬುವುದು ಕಾನೂನಿಗೆ ವಿರುದ್ಧ. ಮಿಡಿಗೇಶಿಯಿಂದಾಚೆ, ಬುಕ್ಕಾಪಟ್ಟಣದ ಕಡೆ ಕತ್ತಲಾದ ಮೇಲೆ ಬಸ್ಸು ಸಿಗದವರ ಕಷ್ಟವೂ ಸುಳ್ಳಲ್ಲ. ಹತ್ತಲೇಬೇಕಾಗಿ ಬಂದರೆ ಕಿವಿ ತೆರೆದಿಟ್ಟುಕೊಳ್ಳಿ. ಊಂ ಅಂತ ಒಂದೇ ಸಮ ಅಳುವ ಜೀಪು ಸದ್ಯಕ್ಕೆ ಊರು ಮುಟ್ಟಿಸಬಹುದು. ಚಕ್ರ ಉರುಳಿದಂತೆಲ್ಲ ಲೆಕ್ಕ ಹಾಕಿದ ಹಾಗೆ 'ಕಟ್, ಕಟ್' ಅಂತ ಹೌಸಿಂಗಿನಿಂದ ಸದ್ದು ಬಂದರೆ, ನಾಚಿಕೆ ಪಡದೆ ನಿಲ್ಲಿಸಲು ಹೇಳಿ ಇಳಿದುಬಿಡಿ. ಡ್ರೈವರ್ ಬೈದರೆ ಬೈಯಲಿ.