ವಾದದಲ್ಲಿ ಹೇಳದುಳಿದ ಮಾತು

ಚುನಾವಣೆಯ ಕಾಲದಲ್ಲಿ ನಮ್ಮ ಬಾಲಿಕೆಯರು ಪೇಟೆಯಲ್ಲಿ ಕೇಳಿದ ಭಾಷಣಗಳನ್ನು ತರಗತಿಗೂ ತರುವುದುಂಟು. ಯಾರ ಮಾತು ನಿಜವೆಂದು ಕೇಳಿದರೆ ನಾವು ಉತ್ತರ ಕೊಡುವುದಿಲ್ಲ. ಅದು ಶಿಕ್ಷಕಿಯರ ಕೆಲಸವಲ್ಲ. ಆ ಮಾತನ್ನು ಹಲಗೆಯ ಮೇಲೆ ಬರೆಯಿಸಿ, ಅದರ ನಿಗಮನವಾವುದು, ಅದಕ್ಕೆ ಕೊಟ್ಟ ಆಧಾರಗಳಾವುವು ಎಂದು ಬಿಡಿಸಲು ಹೇಳುವೆವು. ಪೂರ್ವವಿದ್ಯಾರ್ಥಿನಿಯರೂ ಪಾಲಕರೂ ಮನೆಯಲ್ಲಿ ಇದನ್ನು ಮಾಡಬಹುದಾದುದರಿಂದ ಆ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ನಾಡಿನ ತಾರ್ಕಿಕರು ಇದಕ್ಕೆ ಬಹು ಹಿಂದೆಯೇ ದಾರಿ ತೋರಿರುವರು. ಬೆಟ್ಟದ ಮೇಲೆ ಹೊಗೆಯಿದೆ, ಆದುದರಿಂದ ಅಲ್ಲಿ ಬೆಂಕಿಯಿದೆ ಎಂಬುದು ಅವರ ಪ್ರಸಿದ್ಧ ದೃಷ್ಟಾಂತ. ಹೊಗೆಯು ಹೇತು, ಬೆಂಕಿಯಿದೆಯೆಂಬುದು ನಿಗಮನ. ಇವೆರಡನ್ನೂ ಕೂಡಿಸಲು, ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿ ಬೇಕು. ಶಾಸ್ತ್ರದಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು. ವೇದಿಕೆಯ ಮೇಲಾದರೋ ಅದನ್ನೇ ನುಂಗಿಬಿಡುವರು!

1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಾಗಿಸಿ ಹಾವೇರಿ, ಗದಗ ಜಿಲ್ಲೆಗಳನ್ನು ರಚಿಸಿದರು. ರಾಣೇಬೆನ್ನೂರಿನವರಿಗೆ ಧಾರವಾಡವು ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕಚೇರಿ ದೂರವಿದೆ, ಆದುದರಿಂದ ಹೊಸ ಜಿಲ್ಲೆ ಬೇಕು ಎಂಬ ವಾದದಲ್ಲಿ ಹೇತು ಸತ್ಯವೇ. ಕಚೇರಿ ಹತ್ತಿರವಾದರೆ ಕೆಲಸ ಬೇಗನೆ ಆಗುವುದೆಂಬುದು ಹೇಳದುಳಿದ ಮಾತು. ದಾರಿ ಕಡಿಮೆಯಾಗುವುದು ಬೇರೆ, ಮೇಜಿನ ಮೇಲಣ ಕಾಗದ ಮುಂದಕ್ಕೆ ಸರಿಯುವುದು ಬೇರೆ.

ಜಿಲ್ಲಾಸ್ಥಳದ ಪ್ರಶ್ನೆಯನ್ನು ನಾವು ಅಭ್ಯಾಸಕ್ಕಾಗಿ ಕೊಡುತ್ತೇವೆ. ರಾಣೇಬೆನ್ನೂರು ದೊಡ್ಡ ಊರು. 2011ರ ಜನಗಣತಿಯಲ್ಲಿ ಅದು ಒಂದು ಲಕ್ಷವನ್ನು ದಾಟಿತ್ತು, ಹಾವೇರಿ 70 ಸಾವಿರವನ್ನೂ ಮುಟ್ಟಿರಲಿಲ್ಲ. ಆದರೆ ಶಿಗ್ಗಾಂವಿ, ಹಾನಗಲ್ಲಿನವರಿಗೆ ಹಾವೇರಿಯೇ ಸಮೀಪ. ಎರಡೂ ಹೇತುಗಳು ನಿಜ. ಅಂಕಿಗಳನ್ನು ಹಿಡಿದು ಸಂಜೆಯವರೆಗೆ ಕೂಗಾಡಿದರೂ ಜಗಳ ತೀರದು. ಏಕೆಂದರೆ ಜಗಳವಿರುವುದು ಅಂಕಿಗಳಲ್ಲಿ ಅಲ್ಲ. ಜಿಲ್ಲಾಸ್ಥಳವು ದೊಡ್ಡ ಊರಾಗಿರಬೇಕೋ, ನಡುವಣ ಊರಾಗಿರಬೇಕೋ ಎಂಬಲ್ಲಿ ಇದೆ.

ಬ್ಯಾಡಗಿಯ ಮಾತು ಇದಕ್ಕಿಂತ ಕಠಿಣ. 2024ರ ಮಾರ್ಚ್ ತಿಂಗಳಲ್ಲಿ ಮೆಣಸಿನಕಾಯಿಯ ಧಾರಣೆ ಒಮ್ಮೆಲೆ ಕುಸಿಯಲು, ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟುಹೋದವು. ಧಾರಣೆ ಬಿದ್ದಿತು, ಆದುದರಿಂದ ವರ್ತಕರು ಸಂಚು ಮಾಡಿದರು ಎಂದು ಒಬ್ಬರು ವಾದಿಸಿದರೆ, ಸಂಚಿಲ್ಲದೆ ಧಾರಣೆ ಬೀಳದೆಂಬ ಮಾತು ಅದರಲ್ಲಿ ಅಡಗಿದೆ. ಆವಕ ಹೆಚ್ಚಿದರೂ, ಕಾಯಿ ಹಸಿಯಾಗಿದ್ದರೂ ಬೆಲೆ ಇಳಿಯುವುದು. ಆವಕ ಹೆಚ್ಚಿತ್ತು, ಆದುದರಿಂದ ಯಾರ ತಪ್ಪೂ ಇಲ್ಲ ಎನ್ನುವವರ ವಾದವೂ ಅಷ್ಟೇ ಕುಂಟು. ಆವಕ ಹೆಚ್ಚಿದ ದಿನವೇ ಸಂಚೂ ನಡೆಯಬಹುದಲ್ಲವೇ? ವಾದವು ಕುಂಟೆಂದ ಮಾತ್ರಕ್ಕೆ ನಿಗಮನವು ಸುಳ್ಳಾಗುವುದಿಲ್ಲ. ರೈತನ ನಷ್ಟವಂತೂ ಸುಳ್ಳಲ್ಲ. ನಮ್ಮ ಬಾಲಿಕೆಯರಲ್ಲಿ ಅನೇಕರು ಮೆಣಸಿನಕಾಯಿ ಬೆಳೆಯುವವರ ಮನೆಯವರಾದುದರಿಂದ ಇದನ್ನು ಒತ್ತಿ ಹೇಳುತ್ತೇವೆ. ನಿಜವನ್ನು ತಿಳಿಯಬೇಕಾದರೆ ಆ ದಿನದ ಟೆಂಡರಿನ ದರಗಳನ್ನೂ, ಬಂದ ಚೀಲಗಳ ಲೆಕ್ಕವನ್ನೂ, ಅಂದಿನ ಗುಂಟೂರು ಪೇಟೆಯ ಧಾರಣೆಯನ್ನೂ ಎದುರಿಗಿಟ್ಟುಕೊಂಡು ನೋಡಬೇಕು.